ನಮ್ಮ ಮುಖದ ಕಪ್ಪು ಎಷ್ಟು ಕಪ್ಪು?

1

ನಮ್ಮ ಹೋಬಳಿಯ ಹಿರಿಯರೊಬ್ಬರು ತೀರಿಕೊಂಡರು. ಜೀವಮಾನವೆಲ್ಲ ಇನ್ನೊಬ್ಬರ ಹೊಲದಲ್ಲಿ ದುಡಿದು ಸವೆದವರು. ಆದರೆ ಎಲ್ಲಿ ಸಭೆ ಅಂದರೂ ಹೆಗಲ ಮೇಲೆ ನೀಲಿ ಶಲ್ಯ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದವರು. ಅವರ ನೆನಪಿಗೆ ಒಂದು ಸಣ್ಣ ಪುಸ್ತಿಕೆ ತರಬೇಕು ಎಂದು ನಾವು ನಾಲ್ಕೈದು ಜನ ಹೊರಟೆವು. ಕೈಯಲ್ಲಿ ಕಾಸು ಕಡಿಮೆ, ಹಾಗಾಗಿ ಅಚ್ಚಿಗೆ ಒಂದೇ ಮಸಿ, ಕಪ್ಪು. ಅವರದ್ದು ಅಂತ ಮನೆಯಲ್ಲಿದ್ದದ್ದು ಒಂದೇ ಒಂದು ಪಟ. ಮೊಮ್ಮಗಳ ಮದುವೆಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಬಣ್ಣದ ಪಟ. ಅದನ್ನು ಕಪ್ಪುಬಿಳುಪು ಮಾಡಿಸಲು ಪೇಟೆಯ ಒಂದು ಡಿ.ಟಿ.ಪಿ. ಅಂಗಡಿಗೆ ಹೋದೆವು.

ಅಲ್ಲಿದ್ದ ಹುಡುಗ ಚುರುಕು. ಪಟವನ್ನು ಪರದೆಯ ಮೇಲೆ ತೆರೆದ, ಬಣ್ಣ ತೆಗೆದ, ಆಮೇಲೆ ಯಾವುದೋ ಒಂದು ಗುಂಡಿಯನ್ನು ಬಲಕ್ಕೆ ಎಳೆದ. ಮುಖ ಬೆಳಗಿತು. 'ಪ್ರಿಂಟಲ್ಲಿ ಕಪ್ಪಾಗ್ಬಿಡುತ್ತೆ ಸಾರ್, ಅದಕ್ಕೆ ಸ್ವಲ್ಪ ಬ್ರೈಟ್ ಮಾಡಿದೀನಿ' ಅಂದ. ನಿಜ ಹೇಳಬೇಕೆಂದರೆ ನಮಗೂ ಅದು ಚೆನ್ನಾಗಿಯೇ ಕಂಡಿತು. 'ಆಯ್ತು ಬಿಡಪ್ಪ' ಅಂದು ದುಡ್ಡು ಕೊಟ್ಟು ಬಂದೆವು.

ಅಚ್ಚಿಗೆ ಕೊಡುವ ಮೊದಲು ಅವರ ಮಗಳಿಗೆ ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿ, 'ಇದ್ಯಾರಣ್ಣ?' ಅಂದರು. ನಾವು ಸುಮ್ಮನಿದ್ದೆವು. 'ನಮ್ಮಯ್ಯ ಯಾವತ್ತು ಇಷ್ಟು ಬೆಳ್ಳಗಿದ್ದ? ಹೋಗ್ಲಿ, ಅವನ ಶಲ್ಯನೂ ಕರೀದು ಮಾಡ್ಬುಟ್ಟವ್ರಲ್ಲ.'

ಆಗ ನಾವು ನೋಡಿದೆವು. ಮುಖ ಬೆಳ್ಳಗಾಗಿತ್ತು, ನೀಲಿ ಶಲ್ಯ ಮಸಿಯಂತೆ ಕಪ್ಪಾಗಿತ್ತು. ಎರಡೂ ಒಂದೇ ಗುಂಡಿಯ ಕೆಲಸ. ಬಣ್ಣದ ಮೇಲೆ ಭಾಷಣ ಮಾಡುವ ನಾವೇ ಒಬ್ಬ ಕೂಲಿಯವನ ಮುಖವನ್ನು ಅವನು ಸತ್ತ ಮೇಲೆ ಬಿಳುಪು ಮಾಡಿಸಿಕೊಂಡು ಬಂದಿದ್ದೆವು. ನಮಗೆ ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಈ ಬರಹ ಹುಟ್ಟಿದೆ. ಬಣ್ಣದ ಮುಖವೊಂದು ಕಪ್ಪುಬಿಳುಪಾಗುವಾಗ ಅದು ಎಷ್ಟು ಕಪ್ಪಾಗಬೇಕು, ಎಷ್ಟು ಬಿಳುಪಾಗಬೇಕು ಅನ್ನುವುದನ್ನು ತೀರ್ಮಾನಿಸುವವರು ಯಾರು? ಯಂತ್ರವೇ? ಯಂತ್ರದ ಹಿಂದಿರುವ ಮನುಷ್ಯನೇ? ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ, ಮತ್ತು ಆ ಚರಿತ್ರೆಯೊಳಗೆ ನಮ್ಮ ಮುಖಗಳೂ ಇವೆ.

2

ಕಪ್ಪುಬಿಳುಪು ಪಟ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಣ್ಣ ಅಂದರೆ ಸಿನಿಮಾದವರ ಆಡಂಬರ, ಕಪ್ಪುಬಿಳುಪು ಅಂದರೆ ಬರದ, ಹಸಿವಿನ, ಹೋರಾಟದ ಸತ್ಯ ಎಂದು ನಾವೂ ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆಯನ್ನು ಮೊದಲು ಕೆದಕಿ ನೋಡಬೇಕು.

ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ. ಆ ಮೊದಲ ದಶಕಗಳ ಬೆಳ್ಳಿಯ ಲೇಪದ ಪ್ಲೇಟುಗಳಿಗೆ ಅರ್ಧ ಕುರುಡು. ಅವಕ್ಕೆ ಕಾಣುತ್ತಿದ್ದದ್ದು ನೀಲಿ ಮತ್ತು ನೇರಳೆ ಬೆಳಕು ಮಾತ್ರ. ಕೆಂಪು ಬೆಳಕಂತೂ ಅವುಗಳ ಪಾಲಿಗೆ ಕತ್ತಲೆಯೇ. ಹಾಗಾಗಿ ಆ ಕಾಲದ ಪಟಗಳಲ್ಲಿ ನೀಲಿ ಆಕಾಶ ಹಾಳೆಯಷ್ಟು ಬಿಳಿ, ಕೆಂಪು ಬಟ್ಟೆ ಕಪ್ಪು. ಮನುಷ್ಯರ ಚರ್ಮದ ಗುಣ ಏನೆಂದರೆ, ಅದು ಯಾವ ದೇಶದ ಯಾವ ಜನದ್ದೇ ಆಗಿರಲಿ, ಹೆಚ್ಚಾಗಿ ಹಿಂದಕ್ಕೆ ಕಳಿಸುವುದು ಕೆಂಪು ಬೆಳಕನ್ನು. ನೀಲಿಯನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಚರ್ಮದಲ್ಲಿ ಮೆಲನಿನ್ ಹೆಚ್ಚಿದ್ದಷ್ಟೂ ಈ ಹೀರುವಿಕೆ ಹೆಚ್ಚು. ಕೆಂಪು ಕಾಣದ, ನೀಲಿ ಮಾತ್ರ ಕಾಣುವ ಪ್ಲೇಟಿನ ಮುಂದೆ ಒಬ್ಬ ಕಂದು ಬಣ್ಣದ ಮನುಷ್ಯನನ್ನು ಕೂರಿಸಿದರೆ ಏನಾಗುತ್ತದೆ? ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಕಪ್ಪಾಗಿ ಅವನು ಪಟದೊಳಗೆ ಇಳಿಯುತ್ತಾನೆ.

ಈಗ ಇದನ್ನು ನಮ್ಮ ನೆಲದ ಚರಿತ್ರೆಯ ಪಕ್ಕದಲ್ಲಿ ಇಟ್ಟು ನೋಡೋಣ. 1857ರ ದಂಗೆಯ ನಂತರ ಬ್ರಿಟಿಷ್ ಪ್ರಭುತ್ವಕ್ಕೆ ತಾನು ಆಳುತ್ತಿರುವವರು ಯಾರು ಯಾರು ಎಂದು ಪಟ್ಟಿ ಮಾಡಿಕೊಳ್ಳುವ ಆತುರ ಹುಟ್ಟಿತು. ಜೆ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಹೊರಬಂದವು. ಜಾತಿಗೊಂದು, ಬುಡಕಟ್ಟಿಗೊಂದು ಎಂಬಂತೆ ನಾಲ್ಕುನೂರಕ್ಕೂ ಹೆಚ್ಚು ಪಟಗಳು. ಪಟದ ಜೊತೆ ಟಿಪ್ಪಣಿ: ಇವರು ನಂಬಿಕಸ್ಥರು, ಇವರು ಕಳ್ಳರು, ಇವರು ಸೋಮಾರಿಗಳು. ಆ ಪಟಗಳನ್ನು ತೆಗೆದದ್ದು ಕೆಂಪು ಕಾಣದ ಪ್ಲೇಟುಗಳ ಕಾಲದಲ್ಲಿ. ಬಣ್ಣದ ರಸವೊಂದನ್ನು ಲೇಪಕ್ಕೆ ಬೆರೆಸಿದರೆ ಪ್ಲೇಟಿಗೆ ಹಸಿರು, ಹಳದಿಗಳೂ ಕಾಣುತ್ತವೆ ಎಂದು ಬರ್ಲಿನ್ನಿನ ಹರ್ಮನ್ ವೋಗೆಲ್ ಕಂಡುಹಿಡಿದದ್ದು 1873ರಲ್ಲಿ. ಅಷ್ಟು ಹೊತ್ತಿಗೆ ಸಂಪುಟಗಳ ಬಹುಪಾಲು ಕೆಲಸ ಮುಗಿದಿತ್ತು. ಅಂದರೆ ಯಂತ್ರದ ಕುರುಡು ನಮ್ಮವರ ಚರ್ಮದ ಮೇಲೆ ಬಿದ್ದು, ಅದು ವಿಜ್ಞಾನದ ಸಾಕ್ಷಿ ಎಂದು ದಾಖಲೆಯಾಯಿತು.

ಅದರ ನಂತರವೂ ಈ ಕೆಲಸ ನಿಲ್ಲಲಿಲ್ಲ. ಮದರಾಸಿನಲ್ಲಿ ಎಡ್ಗರ್ ಥರ್ಸ್ಟನ್ ಮೂಗು, ತಲೆ ಅಳೆದು 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಎಚ್.ವಿ. ನಂಜುಂಡಯ್ಯನವರು ಶುರು ಮಾಡಿದ ಕೆಲಸವನ್ನು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿ 1928 ಮತ್ತು 1935ರ ನಡುವೆ ನಾಲ್ಕು ಸಂಪುಟ ತಂದರು. ಇಂಥ ಪುಸ್ತಕಗಳ ಪಟಗಳ ಕೆಳಗೆ ಹೆಚ್ಚಾಗಿ ಇರುವುದು ಜಾತಿಯ ಹೆಸರು. ಕೂತವನಿಗೆ ಒಂದು ಹೆಸರಿತ್ತು, ಅವನಿಗೊಬ್ಬ ತಾಯಿ ಇದ್ದಳು ಎಂಬುದನ್ನು ಪಟ ಹೇಳುವುದಿಲ್ಲ. 'ಇದು ನಮ್ಮಯ್ಯ ಅಲ್ಲ' ಎಂದು ಹೇಳಲು ಆ ಪುಸ್ತಕದ ಹತ್ತಿರ ಯಾವ ಮಗಳನ್ನೂ ಯಾರೂ ಕರೆಯಲಿಲ್ಲ.

ಅದೇ ಶತಮಾನದಲ್ಲಿ ಅಮೆರಿಕದಲ್ಲಿ ಇನ್ನೊಂದು ಬಗೆಯ ಪಟವೂ ಹುಟ್ಟುತ್ತಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಗುಲಾಮಗಿರಿಯ ವಿರುದ್ಧ ಗುಡುಗಿದ ಫ್ರೆಡರಿಕ್ ಡಗ್ಲಾಸ್ ತನ್ನ ಜೀವಮಾನದಲ್ಲಿ ಸುಮಾರು 160 ಪಟ ತೆಗೆಸಿಕೊಂಡ. ಆ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಪಟಕ್ಕೆ ಕೂತವನು ಅವನೇ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಯಾಕೆ ಇಷ್ಟು ಪಟ? ಬಿಳಿ ಚಿತ್ರಕಾರರು ಕರಿಯರ ಮುಖವನ್ನು ತಮ್ಮ ತಲೆಯಲ್ಲಿರುವ ಕರಿಯನ ಹಾಗೆಯೇ ಬರೆಯುತ್ತಾರೆ, ಇದ್ದ ಹಾಗೆ ಬರೆಯಲಾರರು ಎಂಬುದು ಅವನ ದೂರು. ಕ್ಯಾಮೆರಾದ ಮುಂದೆ ಅವನು ನೆಟ್ಟಗೆ ಕೂತ, ನಗದೆ ಕೂತ, ಕೋಟು ಹಾಕಿ ಕೂತ. ಪ್ಲೇಟು ಅದೇ ಅರ್ಧ ಕುರುಡಿನ ಪ್ಲೇಟು. ಆದರೆ ಹೇಗೆ ಕೂರಬೇಕು, ಯಾವಾಗ ಕೂರಬೇಕು ಎಂಬುದು ಅವನ ತೀರ್ಮಾನ. ಬಾಬಾಸಾಹೇಬರ ಪಟಗಳ ಕೋಟು, ಕಣ್ಣಿನ ನೇರ ನೋಟ ನೆನಪಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1906ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಲೇಟನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ಪ್ಯಾಂಕ್ರೊಮ್ಯಾಟಿಕ್ ಎಂದು ಹೆಸರು. ಕುರುಡು ಹೋಯಿತು, ಆದರೆ ಆಯ್ಕೆ ಬಂತು. ಲೆನ್ಸಿನ ಮುಂದೆ ಕೆಂಪು ಗಾಜು ಹಿಡಿದರೆ ಮುಖ ಬೆಳ್ಳಗೆ, ಕಲೆಗಳು ಮಾಯ. ಹಸಿರು ಗಾಜು ಹಿಡಿದರೆ ತುಟಿ ಕಪ್ಪು, ಮುಖದ ಗೆರೆಗಳು ಎದ್ದು ಕಾಣುತ್ತವೆ. ಇದರ ಮೇಲೆ ಸ್ಟುಡಿಯೋದವರ ಪೌಡರು, ನೆಗೆಟಿವ್ ಮೇಲೆ ಪೆನ್ಸಿಲಿನಲ್ಲಿ ಮಾಡುವ ರೀಟಚಿಂಗು. ಮದುವೆಗೆ ಹೆಣ್ಣಿನ ಪಟ ಕಳಿಸುವ ಕಾಲದಲ್ಲಿ ಈ ಪೆನ್ಸಿಲು ಎಷ್ಟು ಕೆಲಸ ಮಾಡಿತೆಂದು ನಮ್ಮ ಹಳೆಯ ಸ್ಟುಡಿಯೋದವರನ್ನು ಕೇಳಿದರೆ ಕತೆಕತೆಯಾಗಿ ಹೇಳುತ್ತಾರೆ. ಅಂಗಡಿಯ ಹುಡುಗ ಎಳೆದ ಗುಂಡಿ ಹೊಸದೇನಲ್ಲ. ಅದು ಹಳೆಯ ಕೆಂಪು ಗಾಜಿನ ಮೊಮ್ಮಗ.

3

ಈ ಗಾಜು ಕಂಪ್ಯೂಟರಿನೊಳಗೆ ಹೋಗಿ ಸೇರಿದ ಬಗೆಯನ್ನು ನೋಡೋಣ.

ಅದರ ಮೊದಲ ಹೆಜ್ಜೆ ಟೆಲಿವಿಷನ್. 1953ರಲ್ಲಿ ಅಮೆರಿಕದಲ್ಲಿ ಬಣ್ಣದ ಟೀವಿಗೆ ಒಪ್ಪಿಗೆ ಸಿಕ್ಕಿತು. ಆದರೆ ಮನೆಮನೆಯಲ್ಲಿ ಇದ್ದದ್ದು ಕಪ್ಪುಬಿಳುಪು ಪೆಟ್ಟಿಗೆ. ಬಣ್ಣದ ಚಿತ್ರ ಹಳೆಯ ಪೆಟ್ಟಿಗೆಯಲ್ಲೂ ಸರಿಯಾಗಿ ಕಾಣಬೇಕಲ್ಲ? ಅದಕ್ಕೊಂದು ಸೂತ್ರ ಮಾಡಿದರು. ನೂರು ಪಾಲಿನಲ್ಲಿ ಕೆಂಪಿನಿಂದ ಸುಮಾರು 30 ಪಾಲು, ಹಸಿರಿನಿಂದ 59 ಪಾಲು, ನೀಲಿಯಿಂದ 11 ಪಾಲು ತೆಗೆದುಕೊಂಡು ಕೂಡಿಸಿದರೆ ಬರುವುದೇ ಕಪ್ಪುಬಿಳುಪಿನ ಬೆಳಕು. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಪ್ರಕಾಶವಾಗಿ, ನೀಲಿ ಕಡಿಮೆ ಪ್ರಕಾಶವಾಗಿ ಕಾಣುವುದರಿಂದ ಈ ಪಾಲು. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಅದರೊಳಗಿದ್ದ ಸೂತ್ರವೂ ಇದೇ. ಆ ವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟವನ್ನು ಕಪ್ಪುಬಿಳುಪು ಪೆಟ್ಟಿಗೆಯಲ್ಲಿ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆಯೇ ಈ ಲೆಕ್ಕದ ಫಲವನ್ನು ನೋಡಿದ್ದಾರೆ. ಇಂದಿಗೂ ಅನೇಕ ಸಾಫ್ಟ್‌ವೇರುಗಳು ಬಣ್ಣ ತೆಗೆಯುವಾಗ ಇದನ್ನೋ ಇದರ ಅಣ್ಣತಮ್ಮನನ್ನೋ ಬಳಸುತ್ತವೆ. ಈ ಸೂತ್ರದ ಮೇಲೆ ನಮಗೆ ಜಗಳ ಇಲ್ಲ. ಅದು ಕಣ್ಣಿನ ಲೆಕ್ಕ, ಕಣ್ಣಿಗೆ ಜಾತಿ ಇಲ್ಲ.

ಎರಡನೆಯ ಹೆಜ್ಜೆ ಕಂಪ್ಯೂಟರಿನದ್ದು. 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕಿರ್ಶ್ ಎಂಬ ವಿಜ್ಞಾನಿ ತನ್ನ ಮೂರು ತಿಂಗಳ ಮಗುವಿನ ಪಟವನ್ನು ಕಂಪ್ಯೂಟರಿಗೆ ಉಣಿಸಿದ. ಕಂಪ್ಯೂಟರ್ ಸ್ಕ್ಯಾನ್ ಮಾಡಿದ ಮೊದಲ ಪಟ ಅದು. ಒಂದು ಸಾಲಿಗೆ 176 ಚುಕ್ಕಿ, ಅಂಥ 176 ಸಾಲು. ಆ ಯಂತ್ರಕ್ಕೆ ಗೊತ್ತಿದ್ದದ್ದು ಎರಡೇ: ಕಪ್ಪು ಇಲ್ಲವೇ ಬಿಳಿ. ಎಲ್ಲಿಯವರೆಗೆ ಕಪ್ಪು, ಎಲ್ಲಿಂದ ಬಿಳಿ ಎಂಬ ಗೆರೆಯನ್ನು ಮನುಷ್ಯನೇ ಎಳೆಯಬೇಕಿತ್ತು. ಗೆರೆಯನ್ನು ಬೇರೆಬೇರೆ ಕಡೆ ಎಳೆದು ಹಲವು ಸಲ ಸ್ಕ್ಯಾನ್ ಮಾಡಿ, ಅವನ್ನು ಒಂದರ ಮೇಲೊಂದು ಕೂಡಿಸಿದಾಗ ಬೂದುಬಣ್ಣ ಹುಟ್ಟಿತು. ಕಂಪ್ಯೂಟರಿನ ಮೊದಲ ಮುಖದಲ್ಲೇ ನಮ್ಮ ಪ್ರಶ್ನೆ ಕೂತಿದೆ: ಗೆರೆ ಎಳೆಯುವ ಕೈ ಯಾರದ್ದು?

1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರಿಗೆ ಪರೀಕ್ಷೆಗೆ ಒಂದು ಒಳ್ಳೆಯ ಮುಖ ಬೇಕಾಯಿತು. ಕೈಗೆ ಸಿಕ್ಕ 'ಪ್ಲೇಬಾಯ್' ಪತ್ರಿಕೆಯಿಂದ ಬಿಳಿ ಯುವತಿಯೊಬ್ಬಳ ಪಟವನ್ನು ಸ್ಕ್ಯಾನ್ ಮಾಡಿದರು. 'ಲೆನಾ' ಎಂದು ಹೆಸರಾದ ಆ ಪಟ ಮುಂದೆ ಹತ್ತಾರು ವರ್ಷ ಚಿತ್ರ ಸಂಸ್ಕರಣೆಯ ಪ್ರಯೋಗಗಳಿಗೆ ಉರೆಗಲ್ಲಾಯಿತು. ಹೆಣ್ಣನ್ನು ಸರಕು ಮಾಡುವ ಪತ್ರಿಕೆಯ ಪಟ ಪ್ರಯೋಗಶಾಲೆಗೆ ಯಾಕೆ ಎಂದು ಹೆಣ್ಣುಮಕ್ಕಳು ಕೇಳುತ್ತಲೇ ಬಂದರು. ಐಈಈಈ ಕಂಪ್ಯೂಟರ್ ಸೊಸೈಟಿ ತನ್ನ ಪ್ರಕಟಣೆಗಳಲ್ಲಿ ಈ ಪಟವನ್ನು ನಿಲ್ಲಿಸಿದ್ದು 2024ರ ಏಪ್ರಿಲ್‌ನಲ್ಲಿ. ಐವತ್ತು ವರ್ಷ ಬೇಕಾಯಿತು.

ಇನ್ನು ಫೋಟೋಶಾಪ್. 1987ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ನೋಲ್ ತನ್ನ ಮ್ಯಾಕಿಂಟಾಷ್ ಕಂಪ್ಯೂಟರಿನ ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಲು ಒಂದು ಪ್ರೋಗ್ರಾಂ ಬರೆದ. ಆ ಪರದೆಗೆ ಬರುತ್ತಿದ್ದದ್ದು ಕಪ್ಪು, ಬಿಳಿ ಎರಡೇ. ಸಿನಿಮಾ ತಂತ್ರದ ಕಂಪನಿಯಲ್ಲಿ ಕೆಲಸಕ್ಕಿದ್ದ ಅವನ ತಮ್ಮ ಜಾನ್ ನೋಲ್ ಕೈಜೋಡಿಸಿದ. ಅಡೋಬಿ ಕಂಪನಿ ಅದನ್ನು 1990ರ ಫೆಬ್ರವರಿಯಲ್ಲಿ ಫೋಟೋಶಾಪ್ ಎಂದು ಮಾರುಕಟ್ಟೆಗೆ ತಂದಿತು. ಅಂದರೆ ಇಂದು ಬಣ್ಣದ ಮಾಯಾಜಾಲ ಎನಿಸಿಕೊಂಡಿರುವ ಈ ಸಾಮಾನು ಹುಟ್ಟಿದ್ದೇ ಕಪ್ಪುಬಿಳುಪಿನ ಸಮಸ್ಯೆಯಿಂದ. ಮುಂದೆ 'ಚಾನೆಲ್ ಮಿಕ್ಸರ್' ಬಂತು. 2007ರ ಆವೃತ್ತಿಯಲ್ಲಿ ಕಪ್ಪುಬಿಳುಪಿಗೆಂದೇ ಆರು ಗುಂಡಿಗಳ ಪೆಟ್ಟಿಗೆ ಬಂತು: ಕೆಂಪು, ಹಳದಿ, ಹಸಿರು, ಸಯಾನ್, ನೀಲಿ, ಮೆಜೆಂಟಾ. ಯಾವ ಬಣ್ಣ ಎಷ್ಟು ಬೆಳ್ಳಗಾಗಬೇಕೆಂದು ಈಗ ಕೂತವನು ಹೇಳಬಹುದು. ದುಡ್ಡು ಕೊಡಲಾಗದವರಿಗೆ 1996ರಿಂದ ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು. ಅದರಲ್ಲೂ ಇದೇ ಕೆಲಸ ಆಗುತ್ತದೆ. ಶಾಲೆಯ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

4

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಲೆಕ್ಕ ಅಂದ ಕೂಡಲೇ ಪುಟ ತಿರುಗಿಸಬೇಡಿ. ಕೂಲಿಯ ಲೆಕ್ಕ ಗೊತ್ತಿದ್ದವರಿಗೆ ಇದೂ ಗೊತ್ತಾಗುತ್ತದೆ.

ಕಂಪ್ಯೂಟರಿನಲ್ಲಿ ಪ್ರತಿ ಚುಕ್ಕಿಗೂ ಮೂರು ಅಂಕಿ: ಕೆಂಪು, ಹಸಿರು, ನೀಲಿ. ಪ್ರತಿಯೊಂದೂ 0ಯಿಂದ 255ರವರೆಗೆ. 0 ಅಂದರೆ ಕತ್ತಲು, 255 ಅಂದರೆ ಪೂರ್ತಿ ಬೆಳಕು. ಬಿಸಿಲಲ್ಲಿ ದುಡಿದ ಕಂದು ಮುಖದ ಒಂದು ಚುಕ್ಕಿಯನ್ನು ಹೀಗೆ ಇಟ್ಟುಕೊಳ್ಳಿ: ಕೆಂಪು 140, ಹಸಿರು 90, ನೀಲಿ 60. ಮೂರನ್ನೂ ಕೂಡಿ ಮೂರರಿಂದ ಭಾಗಿಸಿದರೆ 97. ಟೀವಿಯ ಸೂತ್ರದಲ್ಲಿ 102. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನದ್ದು ತೆಗೆದರೆ 100. ಮೂರು ದಾರಿಯಲ್ಲೂ ಮುಖ ಹೆಚ್ಚುಕಡಿಮೆ ಒಂದೇ. ಇಲ್ಲಿಯವರೆಗೆ ಮೋಸ ಇಲ್ಲ.

ಈಗ ಗುಂಡಿಗೆ ಕೈ ಹಾಕಿ. ಕೆಂಪನ್ನು ಮಾತ್ರ ಉಳಿಸಿದರೆ ಅದೇ ಮುಖ 140. ನೀಲಿಯನ್ನು ಮಾತ್ರ ಉಳಿಸಿದರೆ 60. ಒಂದೇ ಮನುಷ್ಯ, ಒಂದೇ ಬಿಸಿಲು, ಒಂದೇ ಪಟ. ಗುಂಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಬಿಳಿ ಮುಖವೊಂದರ ಚುಕ್ಕಿ ಕೆಂಪು 225, ಹಸಿರು 180, ನೀಲಿ 155 ಎಂದಿಟ್ಟುಕೊಂಡರೆ ಆ ವ್ಯತ್ಯಾಸ ಒಂದೂವರೆ ಪಟ್ಟೂ ಆಗುವುದಿಲ್ಲ. ಬಿಳಿ ಮುಖ ಹೇಗೆ ಎಳೆದರೂ ಬಿಳಿ ಮುಖವಾಗಿಯೇ ಉಳಿಯುತ್ತದೆ. ಗುಂಡಿಯ ದರ್ಬಾರು ಹೆಚ್ಚು ನಡೆಯುವುದು ಕಂದು ಮುಖದ ಮೇಲೆ.

ಇನ್ನು ಆ ನೀಲಿ ಶಲ್ಯ. ಕೆಂಪು 20, ಹಸಿರು 60, ನೀಲಿ 200 ಎಂದಿಟ್ಟುಕೊಳ್ಳಿ. ಟೀವಿಯ ಸೂತ್ರದಲ್ಲಿ ಅದು 64, ಬೂದು. ಕೆಂಪನ್ನು ಮಾತ್ರ ಉಳಿಸಿದರೆ 20, ಬಹುತೇಕ ಮಸಿ. ಈಗ ಅರ್ಥವಾಯಿತಲ್ಲ, ಅಂಗಡಿಯಲ್ಲಿ ಆದದ್ದೇನು? ಕೆಂಪನ್ನು ಏರಿಸಿ ಮುಖವನ್ನು ಬಿಳುಪು ಮಾಡಬೇಕಾದರೆ ನೀಲಿ ಕಪ್ಪಾಗಲೇಬೇಕು. ನಮ್ಮ ಮುಖ ಇನ್ನೊಬ್ಬರಿಗೆ ಒಪ್ಪುವಂತೆ ಬೆಳ್ಳಗಾಗುತ್ತಾ ಹೋದಷ್ಟೂ ನಮ್ಮ ಹೆಗಲ ಮೇಲಿನ ನೀಲಿ ಕತ್ತಲಾಗುತ್ತಾ ಹೋಗುತ್ತದೆ. ಇದನ್ನು ಯಾವ ಕವಿಯೂ ಕಟ್ಟಿದ್ದಲ್ಲ. ಬರೀ ಕೂಡುವ ಕಳೆಯುವ ಲೆಕ್ಕ.

5

ಹಾಗಾದರೆ ಬಣ್ಣದ ಪಟವನ್ನು ಮುಟ್ಟದೆ ಇಟ್ಟರೆ ಅದಾದರೂ ಸತ್ಯವೇ? ಅದೂ ಅಷ್ಟು ಸಲೀಸಲ್ಲ. ಕೊಡಾಕ್ ಕಂಪನಿ 1950ರ ದಶಕದಿಂದ ಬಣ್ಣದ ಫೋಟೋ ತೊಳೆಯುವ ಲ್ಯಾಬುಗಳಿಗೆ ಒಂದು ಅಳತೆಯ ಪಟ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಣ್ಣು. ಲ್ಯಾಬಿನವರ ಬಾಯಲ್ಲಿ ಅದಕ್ಕೆ 'ಶರ್ಲಿ ಕಾರ್ಡ್' ಎಂದು ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ. ಕರಿಯ ಮಕ್ಕಳು ಬಿಳಿ ಮಕ್ಕಳ ಜೊತೆ ಕೂತ ಶಾಲೆಯ ಪಟಗಳಲ್ಲಿ ಕರಿಯ ಮಕ್ಕಳ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕೆನಡಾದ ವಿದ್ವಾಂಸೆ ಲೋರ್ನಾ ರಾಥ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಇದೆ. ಕೊಡಾಕ್ ಕಂದು ಬಣ್ಣವನ್ನು ಸುಧಾರಿಸಲು ಮನಸ್ಸು ಮಾಡಿದ್ದರ ಹಿಂದೆ ಇದ್ದದ್ದು ಚಾಕಲೇಟು ತಯಾರಿಸುವವರು ಮತ್ತು ಮರದ ಪೀಠೋಪಕರಣ ಮಾರುವವರ ದೂರು. ಮನುಷ್ಯರ ಕಂದು ಮುಖ ಕೇಳಿದಾಗ ಕೇಳಿಸದ ಕಿವಿಗೆ ಮೇಜು ಕುರ್ಚಿಯ ಕಂದು ಕೇಳಿಸಿತು! ಬೇರೆ ಬೇರೆ ಬಣ್ಣದ ಚರ್ಮದವರನ್ನು ಒಟ್ಟಿಗೆ ಕೂರಿಸಿದ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ನಮ್ಮ ಮನೆಗಳ ಟ್ರಂಕಿನಲ್ಲಿರುವ ಎಂಬತ್ತರ ದಶಕದ ಬಣ್ಣದ ಪಟಗಳಲ್ಲಿ ಎಷ್ಟೋ ಮುಖಗಳು ಬರೀ ಕಪ್ಪು ಮಚ್ಚೆಯಾಗಿವೆ. ಪಟದೊಳಗೆ ಇಳಿಯದ ವಿವರವನ್ನು ಯಾವ ಸಾಫ್ಟ್‌ವೇರೂ ಸೃಷ್ಟಿಸಲಾರದು. ಸೃಷ್ಟಿಸಿತು ಅಂದರೆ ಅದು ಊಹೆ. ಇಂದಿನ ಮೊಬೈಲುಗಳದ್ದು ಇನ್ನೊಂದು ಕಾಟ. ಅನೇಕ ಮೊಬೈಲುಗಳ ಬ್ಯೂಟಿ ಮೋಡು ನಾವು ಕೇಳದೆಯೇ ಮುಖವನ್ನು ನುಣುಪು ಮಾಡಿ ಬಿಳುಪು ಹಚ್ಚಿರುತ್ತದೆ. ಬಣ್ಣ ತೆಗೆಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

6

ಮುಖವನ್ನು ಬಿಳುಪು ಮಾಡುವುದು ತಪ್ಪಾದರೆ ಕಪ್ಪು ಮಾಡುವುದು ಸರಿಯೇ? ಇದಕ್ಕೆ ಎರಡು ಪಟಗಳ ಕತೆ ಹೇಳಬೇಕು.

1994ರ ಜೂನ್‌ನಲ್ಲಿ ಅಮೆರಿಕದ ಕರಿಯ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್‌ನನ್ನು ಮಾಜಿ ಹೆಂಡತಿ ಮತ್ತು ಇನ್ನೊಬ್ಬನ ಕೊಲೆಯ ಆರೋಪದ ಮೇಲೆ ಬಂಧಿಸಿದರು. ಲಾಸ್ ಏಂಜಲೀಸ್ ಪೊಲೀಸರು ಠಾಣೆಯಲ್ಲಿ ತೆಗೆದ ಅವನ ಬಣ್ಣದ ಪಟವನ್ನು ಎರಡು ದೊಡ್ಡ ವಾರಪತ್ರಿಕೆಗಳು ಒಂದೇ ವಾರ ಮುಖಪುಟಕ್ಕೆ ಹಾಕಿದವು. 'ನ್ಯೂಸ್‌ವೀಕ್' ಇದ್ದ ಹಾಗೆ ಹಾಕಿತು. ಜೂನ್ 27ರ ದಿನಾಂಕದ 'ಟೈಮ್' ಪತ್ರಿಕೆಯಲ್ಲಿ ಅದೇ ಮುಖ ಬಹಳ ಕಪ್ಪಾಗಿತ್ತು, ಅಂಚುಗಳು ಕತ್ತಲಲ್ಲಿ ಕರಗಿದ್ದವು. ಅಂಗಡಿಯ ಮುಂದೆ ಎರಡೂ ಪತ್ರಿಕೆ ಅಕ್ಕಪಕ್ಕ ನೇತಾಡಿದಾಗ ಜನಕ್ಕೆ ಗೊತ್ತಾಯಿತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ, ಮುಖಪುಟದಲ್ಲಿ ತೀರ್ಪು ಬಂದಾಗಿತ್ತು. ಕೊಲೆ ಮೊಕದ್ದಮೆಯಲ್ಲಿ ಅವನು ಖುಲಾಸೆಯಾದದ್ದು 1995ರಲ್ಲಿ. ಜನಾಂಗದ್ವೇಷದ ಉದ್ದೇಶ ಇರಲಿಲ್ಲ, ಕಲಾವಿದ ಪಟಕ್ಕೆ ನಾಟಕೀಯತೆ ಕೊಟ್ಟ ಎಂದು ಪತ್ರಿಕೆಯವರು ಮುಂದಿನ ವಾರ ವಿವರಣೆ ಕೊಟ್ಟರು. ಕಪ್ಪು ಮಾಡಿದರೆ ನಾಟಕೀಯತೆ ಹೆಚ್ಚುತ್ತದೆ ಎಂದು ಅವರಿಗೆ ಅನಿಸಿತಲ್ಲ, ಅದೇ ಪ್ರಶ್ನೆ.

ಎರಡನೆಯದು ದಕ್ಷಿಣ ಆಫ್ರಿಕಾದ್ದು. 1972ರಲ್ಲಿ ಡರ್ಬನ್ ಬಳಿಯ ಉಮ್ಲಾಜಿ ಎಂಬ ಕರಿಯರ ಕೇರಿಯಲ್ಲಿ ಹುಟ್ಟಿದ ಜನೆಲೆ ಮುಹೋಲಿ 2012ರಲ್ಲಿ ತಮ್ಮದೇ ಪಟಗಳ ಒಂದು ಸರಣಿ ಶುರು ಮಾಡಿದರು. 'ಸೊಮ್ನ್ಯಾಮ ಎನ್ಗೊನ್ಯಾಮ', ಕರಿ ಸಿಂಹಿಣಿಗೆ ಶರಣು ಎಂಬ ಅರ್ಥದ ಜುಲು ಮಾತು. ಎಲ್ಲವೂ ಕಪ್ಪುಬಿಳುಪು. ಬಿಳಿಯರ ಮನೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಮನೆಗೆಲಸ ಮಾಡಿದ ತಾಯಿಯ ನೆನಪಿಗೆ ಪಾತ್ರೆ ತಿಕ್ಕುವ ಜುಂಗನ್ನು ಕಿರೀಟ ಮಾಡಿಕೊಂಡು, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಡವೆ ಮಾಡಿಕೊಂಡು ಅವರು ಕೂರುತ್ತಾರೆ. ಪಟ ತೆಗೆದ ಮೇಲೆ ಛಾಯೆಗಳನ್ನು ತಿದ್ದಿ ತಮ್ಮ ಚರ್ಮವನ್ನು ಇರುವುದಕ್ಕಿಂತ ಹೆಚ್ಚು ಕಪ್ಪು ಮಾಡುತ್ತಾರೆ. ಆ ಕಪ್ಪಿನೊಳಗೆ ಕಣ್ಣು, ಕೆನ್ನೆ, ಹಣೆ ಒಂದೊಂದೂ ಬಿಡಿಬಿಡಿಯಾಗಿ ಹೊಳೆಯುತ್ತವೆ.

ಎರಡೂ ಕಡೆ ಆದ ಕೆಲಸ ಒಂದೇ, ಮುಖವನ್ನು ಕಪ್ಪು ಮಾಡಿದ್ದು. ಒಂದು ಕಡೆ ಠಾಣೆಯಲ್ಲಿ ನಿಲ್ಲಿಸಿದವನ ಮುಖಕ್ಕೆ ಇನ್ನೊಬ್ಬ ಬಳಿದ ಕಪ್ಪು. ಇನ್ನೊಂದು ಕಡೆ ತನ್ನ ಮುಖವನ್ನು ತಾನೇ ಕೈಗೆತ್ತಿಕೊಂಡವರ ಕಪ್ಪು. ಒಂದು ಕಪ್ಪು ಮನುಷ್ಯನನ್ನು ಅಳಿಸುತ್ತದೆ, ಇನ್ನೊಂದು ಎದ್ದು ನಿಲ್ಲಿಸುತ್ತದೆ. ಕಪ್ಪು ಬಿಳುಪಿನ ಪ್ರಮಾಣವನ್ನು ಮಾತ್ರ ಹಿಡಿದು ನ್ಯಾಯ ಹೇಳಲಾಗದು. ಗುಂಡಿ ಯಾರ ಕೈಯಲ್ಲಿತ್ತು, ಕೂತವರನ್ನು ಕೇಳಿದರೇ ಎಂಬುದನ್ನು ಹಿಡಿದು ಹೇಳಬೇಕು.

ನಮ್ಮಲ್ಲಿ ಇದರ ತಿರುಗುಮುರುಗು ಕೆಲಸವೂ ನಡೆಯುತ್ತಿದೆ. 1956ರಲ್ಲಿ ತೀರಿಕೊಂಡ ಬಾಬಾಸಾಹೇಬರ ಪಟಗಳು ಬಹುತೇಕ ಕಪ್ಪುಬಿಳುಪು. ಕಪ್ಪುಬಿಳುಪಿನಿಂದ ಚರ್ಮದ ಬಣ್ಣವನ್ನು ಲೆಕ್ಕ ಹಾಕಿ ತೆಗೆಯಲಾಗದು. 102 ಎಂಬ ಒಂದು ಅಂಕಿಯಿಂದ 140, 90, 60 ಎಂಬ ಮೂರನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಹಾಗಾಗಿ ಕ್ಯಾಲೆಂಡರಿಗೆ, ಫ್ಲೆಕ್ಸಿಗೆ ಬಣ್ಣ ತುಂಬುವವನು ತನ್ನ ತಲೆಯಲ್ಲಿರುವ ಬಣ್ಣವನ್ನೇ ತುಂಬುತ್ತಾನೆ. ನಾವು ನೋಡಿದ ಎಷ್ಟೋ ಫ್ಲೆಕ್ಸುಗಳಲ್ಲಿ ಅವರ ಕೆನ್ನೆ ಗುಲಾಬಿ. ದೊಡ್ಡವರು ಅಂದರೆ ಬೆಳ್ಳಗಿರಬೇಕು ಎಂಬ ರೋಗ ನಮ್ಮ ಕೇರಿಯೊಳಗೂ ಬಂದಿದೆ. ಮೇಲುಜಾತಿಯವರ ಮೇಲೆ ಹೊರೆ ಹಾಕಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲಿ 'ಆಯ್ತು ಬಿಡಪ್ಪ' ಅಂದವರು ನಾವೇ ಅಲ್ಲವೇ?

7

ಅಂಗಡಿಯ ಹುಡುಗನ ಮಾತಿನಲ್ಲೂ ಅರ್ಧ ಸತ್ಯ ಇತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಗ್ಗದ ಕಾಗದದ ಮೇಲೆ ಮಸಿ ಹರಡಿಕೊಳ್ಳುತ್ತದೆ, ಪರದೆಯ ಬೂದು ಅಚ್ಚಿನಲ್ಲಿ ಇನ್ನಷ್ಟು ಕಪ್ಪಾಗುತ್ತದೆ. ನಮ್ಮ ಚಳವಳಿಯ ಹಳೆಯ ಪತ್ರಿಕೆಗಳ ಪುಟ ತೆರೆದು ನೋಡಿ. ಬ್ಲಾಕಿನಲ್ಲಿ ಅಚ್ಚಾದ ಎಷ್ಟೋ ಗೆಳೆಯರ ಮುಖ ಮಸಿಯ ಮುದ್ದೆ. ಅವರು ಯಾರೆಂದು ಕೆಳಗಿನ ಅಕ್ಷರ ನೋಡಿ ತಿಳಿಯಬೇಕು. ಮುಖ ಕಾಣದಂತೆ ಮಾಡುವುದೂ ಮುಖವನ್ನು ಕಸಿದುಕೊಂಡ ಹಾಗೆಯೇ.

ಆದರೆ ಕಪ್ಪಿನೊಳಗಿನ ವಿವರವನ್ನು ಬಿಡಿಸುವುದು ಬೇರೆ, ಕಪ್ಪನ್ನೇ ಬಿಳುಪು ಮಾಡುವುದು ಬೇರೆ. ಈ ಎರಡರ ನಡುವಿನ ಅಂತರವೇ ಈ ಕೆಲಸದ ಮರ್ಮ. ಅದನ್ನು ನಮ್ಮ ಹುಡುಗ ಹುಡುಗಿಯರು ಕಲಿಯಬೇಕು. ಮೂಲ ಬಣ್ಣದ ಪಟವನ್ನು ಎಂದೂ ಅಳಿಸಬಾರದು, ನಕಲಿನ ಮೇಲೆ ಕೆಲಸ ಮಾಡಬೇಕು. ಮೊದಲು ಕೆಂಪು, ಹಸಿರು, ನೀಲಿ ಮೂರೂ ಪದರಗಳನ್ನು ಬೇರೆಬೇರೆಯಾಗಿ ನೋಡಬೇಕು. ಹಸಿರು ಪದರದಲ್ಲಿ ಮುಖದ ಗೆರೆ, ಕೂಲಿಯ ಬಿಸಿಲು, ವಯಸ್ಸು ಇರುತ್ತವೆ. ಕೆಂಪು ಪದರ ಇವನ್ನೆಲ್ಲ ಅಳಿಸುತ್ತದೆ. ಹಾಗಾಗಿ ಕೆಂಪಿನಷ್ಟೇ ಹಸಿರಿಗೂ ಪಾಲು ಕೊಡಬೇಕು. ಕಣ್ಣಿನ ಕುಳಿ, ಕತ್ತಿನ ಕೆಳಗಿನ ನೆರಳು ಇಂಥ ಕಡೆ ಮಾತ್ರ ಬೆಳಕನ್ನು ಸ್ವಲ್ಪ ಏರಿಸಬೇಕು. ಕೂದಲು, ಚರ್ಮ, ಬಟ್ಟೆ ಮೂರೂ ಮೂರು ಬೂದಾಗಿ ಬೇರೆಬೇರೆ ಕಾಣಬೇಕು. ಅಚ್ಚಾಗುವ ಕಾಗದದ ಮೇಲೆಯೇ ಒಂದು ಪ್ರತಿ ತೆಗೆದು ನೋಡಬೇಕು, ಪರದೆಯನ್ನು ನಂಬಬಾರದು. ಎಲ್ಲಕ್ಕಿಂತ ಮುಖ್ಯ, ಆ ಮುಖವನ್ನು ಬಲ್ಲವರು ಪಕ್ಕದಲ್ಲಿ ಕೂತಿರಬೇಕು.

ನಾವು ಹಾಗೆಯೇ ಮಾಡಿದೆವು. ಆಕೆಯನ್ನು ಕರೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದೆವು. ಹುಡುಗನಿಗೆ ಬೇಜಾರಾಗಬಹುದು ಎಂದುಕೊಂಡಿದ್ದೆವು. ಅವನು ಸ್ಟೂಲು ಎಳೆದು ಹಾಕಿ, 'ಕೂತ್ಕೊಳ್ಳಿ ಅಕ್ಕ, ನೀವೇ ಹೇಳಿ' ಅಂದ. ಪರದೆಯ ಬೆಳಕಿನಲ್ಲಿ ನೋಡಿದರೆ ಆ ಹುಡುಗನ ಬಣ್ಣವೂ ಆ ಹಿರಿಯರ ಬಣ್ಣವೇ. ಕೆಂಪನ್ನು 40ಕ್ಕೆ ಇಳಿಸಿ, ಹಸಿರನ್ನು 45ಕ್ಕೆ ಏರಿಸಿ, ನೀಲಿಗೆ 15 ಕೊಟ್ಟ. ಮುಖ ಮತ್ತೆ ಕಂದಿನ ಕಡೆಗೆ ಇಳಿಯಿತು. ಹಣೆಯ ಮೂರು ಗೆರೆ ಮೇಲೆದ್ದವು. ಶಲ್ಯ ಕತ್ತಲಿನಿಂದ ಹೊರಗೆ ಬಂದು ಬೂದಾಯಿತು, ಅದರ ಮಡಿಕೆಗಳು ಕಂಡವು.

'ಇನ್ನೊಂಚೂರು' ಅಂದರು ಆಕೆ. ಹುಡುಗ ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿದ.

'ಹ್ಞಾ, ಬುಡಪ್ಪ. ಈಗ ನಮ್ಮಯ್ಯ ಬಂದ.'

ಪುಸ್ತಿಕೆ ಅಚ್ಚಾಯಿತು. ಮುಖಪುಟದಲ್ಲಿ ಅವರು ಕಪ್ಪಗೇ ಇದ್ದಾರೆ, ಚೆನ್ನಾಗಿ ಕಾಣುತ್ತಾರೆ.